ಮಾಮಾ ಕೊಡದ ಗಡಿಯಾರ

ಕಳೆದ ತಿಂಗಳು ಗೆಳತಿಯೊಬ್ಬಳು ನನ್ನ ಫೋನಿಗೆ ಕೆಲವು ಫೋಟೊ ಕಳಿಸಿದಳು. ಕರಾವಳಿಯವರ ಸಂಘವೊಂದು ಮುಂಬಯಿಯ ಮಲಾಡಿನಲ್ಲಿ ಹೊಸ ಬಿಲ್ಡಿಂಗ್ ಕಟ್ಟಿದೆ, ಅದರ ಉದ್ಘಾಟನೆಗೆ ಅವಳು ಹೋಗಿದ್ದಳು. ದೀಪ, ರಂಗೋಲಿ, ಪೇಟ ಸುತ್ತಿಸಿಕೊಂಡ ಗಣ್ಯರು... ಒಂದೊಂದಾಗಿ ಸರಿಸುತ್ತ ಹೋದವಳು ಒಂದು ಫೋಟೊ ಬಂದಾಗ ಚಹಾದ ಲೋಟ ಕೆಳಗಿಟ್ಟೆ. ಗಾಜಿನ ಕಪಾಟಿನೊಳಗೆ ಕೆಂಪು ಬಟ್ಟೆಯ ಮೇಲೆ ಒಂದು ಹಳೆಯ ಕೈಗಡಿಯಾರ ಇತ್ತು. ಡಯಲ್ ಹಳದಿಗೆ ತಿರುಗಿತ್ತು. ನಡುವೆ ಒಂದು ಪುಟ್ಟ ನೀಲಿ ರೈಲು, ಮೂತಿ ಬಂದೂಕಿನ ಗುಂಡಿನ ಹಾಗೆ ದುಂಡಗೆ. ಪಕ್ಕದ ಕಾರ್ಡಿನಲ್ಲಿ ಹೀಗೆ ಅಚ್ಚಾಗಿತ್ತು: ‘ಬುಲೆಟ್ ಟ್ರೇನ್ ಮೊದಲ ಬಾರಿ ಓಡಿದ ನೆನಪಿಗೆ ಜಪಾನಿನಲ್ಲಿ ತಯಾರಾದ ಗಡಿಯಾರ. ನಮ್ಮ ಮಾಜಿ ಅಧ್ಯಕ್ಷರ ಜಪಾನ್ ಪ್ರವಾಸದ ಸ್ಮರಣಿಕೆ.’

ಆ ಮಾಜಿ ಅಧ್ಯಕ್ಷರು ಜನ್ಮದಲ್ಲಿ ಜಪಾನ್ ನೋಡಿದವರಲ್ಲ. ಅದು ನಮ್ಮ ಬಾಜೂಮನೆಯ ಮಾಮಾನ ಗಡಿಯಾರ. ಮಾಮಾ ತೀರಿಕೊಂಡು ಎಷ್ಟೋ ವರ್ಷವಾಯಿತು, ಅಧ್ಯಕ್ಷರೂ ಹೋದರು. ಆದರೂ ಆ ಕಾರ್ಡನ್ನು ದೊಡ್ಡದು ಮಾಡಿ ಮತ್ತೆ ಮತ್ತೆ ಓದಿದೆ. ನನಗೆ ಬಂದದ್ದು ದುಃಖವಲ್ಲ...

ನಾವು ಆಗ ಕುರ್ಲಾದ ಒಂದು ಚಾಳಿನಲ್ಲಿದ್ದೆವು. ಅಪ್ಪ ವಿಜಾಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವನು. ನಮ್ಮ ಖೋಲಿಗೂ ಮಾಮಾನ ಖೋಲಿಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ ಮಾತ್ರ. ಅವನು ಉಡುಪಿಯ ಕಡೆಯವನು, ಮದುವೆಯಾಗಿರಲಿಲ್ಲ. ಬೈಕುಲ್ಲಾದ ಒಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ. ಅವನ ಮಾತು ನಮಗೆ ಪುಸ್ತಕ ಓದಿದ ಹಾಗೆ ಕೇಳುತ್ತಿತ್ತು, ನಮ್ಮ ಮಾತು ಅವನಿಗೆ ಜಗಳ ಮಾಡಿದ ಹಾಗೆ. ‘ನಿಮ್ಮ ಮನೆಯಲ್ಲಿ ಎಂತ ದಿನಾ ಗಲಾಟೆ?’ ಎಂದು ಮೊದಮೊದಲು ಅಮ್ಮನನ್ನು ಕೇಳಿದ್ದನಂತೆ. ಅಮ್ಮ ನಕ್ಕು, ‘ಗಲಾಟಿ ಅಲ್ರೀ ಅಣ್ಣಾ, ಊಟಕ್ಕ ಕರದೀನ್ರಿ’ ಎಂದಿದ್ದಳಂತೆ. ಅಂದಿನಿಂದ ಎರಡು ಖೋಲಿಗಳ ನಡುವೆ ಜೋಳದ ರೊಟ್ಟಿ ಆ ಕಡೆಗೆ, ಮೀನಿನ ಸಾರು ಈ ಕಡೆಗೆ ಓಡಾಡಿಕೊಂಡಿದ್ದವು.

ಮಾಮಾನ ಎಡಗೈಯಲ್ಲಿ ಕೊನೆಯ ಎರಡು ಬೆರಳು ಇರಲಿಲ್ಲ. ಗಡಿಯಾರ ಕಟ್ಟುತ್ತಿದ್ದದ್ದು ಅದೇ ಕೈಗೆ. ಕೇಳಿದವರಿಗೆ, ‘ಬೆರಳು ಅಲ್ಲಿ ಬಿಟ್ಟೆ, ಇದನ್ನು ತಂದೆ’ ಎಂದಷ್ಟೇ ಹೇಳಿ ನಗುತ್ತಿದ್ದ. ಪೂರ್ತಿ ಕತೆ ಹೇಳಿಸಲು ಅವನನ್ನು ರಜೆಯ ದಿನ ಹಿಡಿದು ಕೂರಿಸಬೇಕಿತ್ತು.

ಹರೆಯದಲ್ಲಿ ಅವನು ಸರಕು ಹಡಗಿನಲ್ಲಿ ಅಡುಗೆಯವನಾಗಿದ್ದ. ಹಡಗು ರಿಪೇರಿಗೆಂದು ಜಪಾನಿನ ಒಂದು ಬಂದರಿನಲ್ಲಿ ತಿಂಗಳುಗಟ್ಟಲೆ ನಿಂತಿತ್ತು. ಅಲ್ಲಿನ ಕೆಲಸಗಾರರಲ್ಲಿ ಮಾಮಾನದೇ ವಯಸ್ಸಿನ ಒಬ್ಬ ವೆಲ್ಡರ್ ಇದ್ದ. ಅವನ ಭಾಷೆ ಇವನಿಗೆ ಬಾರದು, ಇವನದು ಅವನಿಗೆ. ಮಾಮಾ ಗಂಜಿ ಬಡಿಸುತ್ತಿದ್ದ, ಅವನು ಉಪ್ಪಿನಕಾಯಿ ನೆಕ್ಕಿ ಕಣ್ಣು ಮುಚ್ಚುತ್ತಿದ್ದ. ಒಂದು ಮಧ್ಯಾಹ್ನ ಸರಪಳಿ ಜಾರಿ ಹಡಗಿನ ಕಬ್ಬಿಣದ ಮುಚ್ಚಳ ಕೆಳಗೆ ಬಂತು. ಅದರಡಿ ಕೂತು ಕೆಲಸ ಮಾಡುತ್ತಿದ್ದ ವೆಲ್ಡರನಿಗೆ ಏನೂ ಗೊತ್ತಿರಲಿಲ್ಲ. ಚಹಾ ಕೊಡಲು ಬಂದಿದ್ದ ಮಾಮಾ ಕೆಟಲು ಎಸೆದು ಅವನ ಅಂಗಿ ಹಿಡಿದು ಎಳೆದ. ಮನುಷ್ಯ ಪೂರ್ತಿ ಹೊರಗೆ ಬಂದ. ಮಾಮಾನ ಎಡಗೈ ಪೂರ್ತಿ ಬರಲಿಲ್ಲ.

ಆಸ್ಪತ್ರೆಗೆ ಆ ವೆಲ್ಡರನ ಅಪ್ಪ ಬಂದರಂತೆ. ಹೊಸ ರೈಲಿನ ಹಳಿ ಹಾಕಿದವರಲ್ಲಿ ಒಬ್ಬರು ಅವರು. ಆ ರೈಲು ಮೊದಲು ಓಡಿದಾಗ ದುಡಿದವರಿಗೆ ನೆನಪಿಗೆಂದು ಕೊಟ್ಟ ಗಡಿಯಾರ ಅವರ ಕೈಯಲ್ಲಿತ್ತು. ಅದನ್ನು ಬಿಚ್ಚಿ ಮಾಮಾನ ಬ್ಯಾಂಡೇಜಿನ ಮೇಲ್ಗಡೆ ತೋಳಿಗೆ ಕಟ್ಟಿದರು. ಅದೇನೆಂದು ತಿಳಿಸಲು ಹಾಸಿಗೆಯ ಮೇಲೆ ಅಂಗೈಯನ್ನು ‘ಸುಂಯ್’ ಎಂದು ಓಡಿಸಿ ತೋರಿಸಿದರಂತೆ. ಇದನ್ನು ಹೇಳುವಾಗ ಮಾಮಾನೂ ಚಾಪೆಯ ಮೇಲೆ ಅಂಗೈ ಓಡಿಸುತ್ತಿದ್ದ. ‘ಅಷ್ಟು ಪ್ರಾಯದ ಮನುಷ್ಯ... ತಲೆ ನೆಲಕ್ಕೆ ತಾಗುವ ಹಾಗೆ ಬಗ್ಗಿದ್ದು ಮಾರಾಯ್ತಿ, ನನಗೆ. ನನ್ನ ಅಪ್ಪ ಸಹ ನನ್ನನ್ನು ಹಾಗೆ ನೋಡಿರಲಿಲ್ಲ’ ಎನ್ನುತ್ತಿದ್ದ.

ಎಂಟು ಬೆರಳಿನ ಅಡುಗೆಯವನನ್ನು ಹಡಗಿನವರು ಮತ್ತೆ ಕರೆಯಲಿಲ್ಲ. ಹಾಗೆ ಅವನು ಬೈಕುಲ್ಲಾ ಸೇರಿದ್ದ.

ಕರಾವಳಿಯವರ ಆ ಸಂಘ ಆಗ ಬಾಡಿಗೆಯ ಹಾಲಿನಲ್ಲಿ ನಡೆಯುತ್ತಿತ್ತು. ನಾನು ಓದು ಮುಗಿಸಿ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ್ದ ಹೊಸತು. ಒಂದು ದಿನ ಮಾಮಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದ. ವಾರ್ಷಿಕೋತ್ಸವದಲ್ಲಿ ಅವನಿಗೆ ಸನ್ಮಾನವಂತೆ, ಮನೆಯವರು ಅಂತ ಯಾರನ್ನಾದರೂ ಕರೆತನ್ನಿ ಎಂದಿದ್ದಾರಂತೆ. ‘ನನಗೆ ಮನೆಯವರು ಅಂದ್ರೆ ನೀವೇ ಅಲ್ವಾ’ ಎಂದ. ನಾವು ಮೂವರೂ ಹೋದೆವು.

ಹಾಲ್ ತುಂಬಿತ್ತು. ಮುಖ್ಯ ಅತಿಥಿ ಒಬ್ಬ ಗುಜರಾತಿ ಬಿಲ್ಡರ್. ಸಂಘಕ್ಕೆ ಸ್ವಂತ ಜಾಗ ಕೊಡಿಸುವ ಭರವಸೆ ಅವರಿಂದ ಬರಬೇಕಿತ್ತು, ಆದ್ದರಿಂದ ಅಧ್ಯಕ್ಷರು ಅವರ ಕುರ್ಚಿಯ ಪಕ್ಕ ಬಿಟ್ಟು ಅಲುಗುತ್ತಿರಲಿಲ್ಲ. ಮಾಮಾನಿಗೆ ಶಾಲು ಹೊದೆಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿಯನ್ನು ಎರಡೂ ಕೈಗೆ ಕೊಟ್ಟರು. ನಿರೂಪಕ ಗಡಿಯಾರದ ಕತೆ ಹೇಳಿದ. ಅತಿಥಿಗೆ ಹಳೆಯ ಗಡಿಯಾರಗಳ ಹುಚ್ಚಂತೆ, ನೋಡಬಹುದೇ ಎಂದು ಕೈ ಮಾಡಿದರು. ಅಧ್ಯಕ್ಷರು ಎದ್ದು ಬಂದು ಬುಟ್ಟಿ ಹಿಡಿದುಕೊಂಡಿದ್ದ ಮಾಮಾನ ಕೈಯಿಂದ ತಾವೇ ಪಟ್ಟಿ ಬಿಚ್ಚಿದರು. ಅತಿಥಿಯ ಕೈಗೆ ಕಟ್ಟಿದರು. ಆಮೇಲೆ ಮೈಕಿನ ಹತ್ತಿರ ಹೋಗಿ ಹೇಳಿದರು:

‘ನಮ್ಮ ಹಿರಿಯರು ಈ ಅಮೂಲ್ಯ ವಸ್ತುವನ್ನು ನಮ್ಮ ಅತಿಥಿಗಳಿಗೆ ಪ್ರೀತಿಯ ಕಾಣಿಕೆಯಾಗಿ ಕೊಡ್ತಾ ಇದ್ದಾರೆ. ದೊಡ್ಡ ಮನಸ್ಸು. ಒಂದು ಜೋರು ಚಪ್ಪಾಳೆ.’

ಇಡೀ ಹಾಲ್ ಚಪ್ಪಾಳೆ ತಟ್ಟಿತು. ಮಾಮಾ ಏನೋ ಹೇಳಲು ಬಾಯಿ ತೆರೆದದ್ದು ನನಗೆ ಕಂಡಿತು. ಅವನ ಮುಂದೆ ಮೈಕ್ ಇರಲಿಲ್ಲ. ಬುಟ್ಟಿ ಇಳಿಸಲು ಜಾಗವೂ ಇರಲಿಲ್ಲ. ಒಬ್ಬ ಮನುಷ್ಯನನ್ನು ಅಷ್ಟು ಜನರೆದುರು, ಹಾರ ಹಾಕಿ, ದೋಚಬಹುದು ಎಂದು ನನಗೆ ಅಂದೇ ಗೊತ್ತಾದದ್ದು. ಕಳ್ಳನಾದರೆ ಓಡಿ ಹೋಗುತ್ತಾನೆ, ಇವರು ನಮಸ್ಕಾರ ಮಾಡಿ ಪಕ್ಕದಲ್ಲೇ ಕೂತರು.

ಲೋಕಲ್‌ನಲ್ಲಿ ವಾಪಸು ಬರುವಾಗ ಅಪ್ಪ ತಡೆಯಲಾರದೆ ಕೇಳಿದ. ‘ಅಲ್ರೀ ಅಣ್ಣಾ, ಖರೇನ ಕೊಟ್ರೇನು?’

‘ನಾನು ಎಲ್ಲಿ ಕೊಟ್ಟದ್ದು?’ ಎಂದ ಮಾಮಾ. ಹಣ್ಣಿನ ಬುಟ್ಟಿಯನ್ನು ಕುರ್ಲಾ ಸ್ಟೇಷನ್ನಿನ ಸೇತುವೆಯ ಮೇಲೆ ಕೂತಿದ್ದ ಒಬ್ಬ ಮುದುಕಿಯ ಮಡಿಲಿಗೆ ಇಟ್ಟು ಬಂದ.

ಮರುವಾರ ಅಧ್ಯಕ್ಷರ ಹೋಟೆಲಿಗೆ ಹೋದೆವು. ಒಬ್ಬನೇ ಹೋಗಲು ಅವನಿಗೆ ಸಂಕೋಚ, ನಾನು ಜೊತೆಗಿದ್ದೆ. ಅಧ್ಯಕ್ಷರು ಚಹಾ ತರಿಸಿದರು. ‘ಸಭೆಯಲ್ಲಿ ಕೊಟ್ಟದ್ದನ್ನು ವಾಪಸ್ ಕೇಳ್ಲಿಕ್ಕೆ ಆಗ್ತದಾ? ಸಂಘದ ಮರ್ಯಾದೆ ಉಂಟಲ್ಲ’ ಎಂದರು.

‘ನಾನು ಕೊಟ್ಟದ್ದಲ್ಲ. ನೀವು ಕೊಟ್ಟದ್ದು.’

‘ನಾವು ನೀವು ಅಂತ ಎಂತ? ಎಲ್ಲ ಒಂದೇ ಅಲ್ವಾ’ ಎಂದು ನಕ್ಕು, ಮೇಜಿನ ಖಾನೆಯಿಂದ ಹೊಳೆಯುವ ಹೊಸ ವಾಚೊಂದನ್ನು ತೆಗೆದು ಮುಂದಿಟ್ಟರು. ಮಾಮಾ ಅದನ್ನು ಮುಟ್ಟಲಿಲ್ಲ. ನಾನು ನಡುವೆ ಬಾಯಿ ಹಾಕಿದೆ. ‘ಅವರ ವಸ್ತು ಅವರಿಗೆ ಕೊಡ್ರಿ. ಹೊಸಾದು ಯಾರು ಕೇಳ್ಯಾರ?’

ಅಧ್ಯಕ್ಷರು ಆಗ ಮೊದಲ ಸಲ ನನ್ನನ್ನು ನೋಡಿದರು. ‘ನೀವು ಯಾರಮ್ಮ? ಇದು ನಮ್ಮವರೊಳಗಿನ ವಿಷಯ.’

‘ಅವಳು ನನ್ನ ಮಗಳು’ ಎಂದ ಮಾಮಾ. ಎದ್ದ. ಚಹಾ ಹಾಗೇ ಉಳಿಯಿತು.

ಆಮೇಲೆ ಬಿಲ್ಡರನ್ನು ಹುಡುಕಿಕೊಂಡು ಮಲಾಡಿಗೆ ಹೋದೆವು. ಆಫೀಸಿನ ವಾಚ್‌ಮನ್ ಒಳಗೆ ಬಿಡಲಿಲ್ಲ. ಮತ್ತೊಂದು ಸಲ ಹೋದಾಗ ಆ ಬಿಲ್ಡರ್ ಕಾರಿನಿಂದ ಇಳಿಯುತ್ತಿದ್ದರು. ಮಾಮಾನ ಕೈ ನೋಡಿ ಗುರುತು ಹಿಡಿದು, ಒಳಗೆ ಕರೆದು ಕೂರಿಸಿ, ನೀರು ಕೊಡಿಸಿದರು. ನಾವು ವಿಷಯ ಹೇಳಿದಾಗ ಅವರು ಗಾಬರಿಯಾದರು. ಆ ದಿನವೇ ಕಾರು ಹತ್ತುವ ಮೊದಲು ಗಡಿಯಾರವನ್ನು ಬಿಚ್ಚಿ ಅಧ್ಯಕ್ಷರ ಕೈಗೆ ಕೊಟ್ಟಿದ್ದೆ ಎಂದರು. ಈ ಚಾಚಾನ ಮುಖ ನೋಡಿದಾಗಲೇ ಮನಸ್ಸಿಗೆ ಸರಿ ಬರಲಿಲ್ಲ, ಅವರಿಗೇ ಮುಟ್ಟಿಸಿ ಅಂದಿದ್ದೆ, ಮುಟ್ಟಿಸಲಿಲ್ಲವೇ ಎಂದು ಹಿಂದಿಯಲ್ಲಿ ಕೇಳಿದರು.

ಮರಳುವ ದಾರಿಯಲ್ಲಿ ಲೋಕಲ್‌ನಲ್ಲಿ ಮಾಮಾ ಕಿಟಕಿಯ ಸರಳು ಹಿಡಿದು ನಿಂತೇ ಇದ್ದ. ‘ನನ್ನೆದುರು ಕೂತು ಚಹಾ ತರಿಸಿದ ನೋಡು’ ಎಂದ.

ಬಿಲ್ಡರ್ ಹೇಳಿದ್ದನ್ನು ತಿಳಿಸಿದಾಗ ಅಧ್ಯಕ್ಷರಿಗೆ ನಾಚಿಕೆಯೇನೂ ಆಗಲಿಲ್ಲ. ಗಡಿಯಾರ ಸಂಘದ ಕಪಾಟಿನಲ್ಲಿ ಭದ್ರವಾಗಿ ಉಂಟು, ಸಭೆಯಲ್ಲಿ ಕೊಟ್ಟ ಮೇಲೆ ಅದು ಸಂಘದ ಆಸ್ತಿ ಎಂದರು. ಕಮಿಟಿಯ ಉಳಿದವರನ್ನು ಕೇಳಿದೆವು. ಒಬ್ಬರು ಅಧ್ಯಕ್ಷರ ಹೋಟೆಲಿನ ಪಾಲುದಾರ, ಇನ್ನೊಬ್ಬರ ಮಗನಿಗೆ ಅವರಿಂದ ಕೆಲಸ ಆಗಬೇಕಿತ್ತು. ಎಲ್ಲರೂ ಮಾಮಾನ ಬೆನ್ನು ತಟ್ಟಿ, ‘ಒಂದು ವಾಚಿಗೆ ಯಾಕೆ ಇಷ್ಟು ಬೇಜಾರು?’ ಎಂದರು. ಒಂದು ವಾಚು... ಆ ಮಾತನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಮರುವರ್ಷದ ವಾರ್ಷಿಕೋತ್ಸವಕ್ಕೆ ಮಾಮಾ ಹೋಗುವುದಿಲ್ಲ ಎಂದುಕೊಂಡಿದ್ದೆ. ಅವನೇ ನನ್ನನ್ನು ಕರೆದ. ಹೋಗಿ ಕೂತೆವು. ಅಧ್ಯಕ್ಷರು ಹಿರಿಯರ ತ್ಯಾಗದ ಬಗ್ಗೆ ಭಾಷಣ ಮಾಡುತ್ತಿದ್ದಾಗ ಮಾಮಾ ಎದ್ದು ನಡುವಿನ ದಾರಿಯಲ್ಲಿ ನಡೆದು ವೇದಿಕೆಯ ಕೆಳಗೆ ನಿಂತ. ಅಂಗಿಯ ತೋಳು ಮೇಲೆ ಸರಿಸಿ, ಮೂರು ಬೆರಳಿನ ಎಡಗೈಯನ್ನು ಎತ್ತಿ ಹಿಡಿದ. ಬರಿಗೈ. ಒಂದು ಮಾತೂ ಆಡಲಿಲ್ಲ. ಹಾಲ್ ಪಿಸುಗುಟ್ಟತೊಡಗಿತು. ಈಗಲಾದರೂ ಯಾರಾದರೂ ಕೇಳುತ್ತಾರೆ ಎಂದು ನಾನು ಸುತ್ತಲಿನ ಸಾಲುಗಳತ್ತ ನೋಡಿದೆ.

ಅಧ್ಯಕ್ಷರು ಭಾಷಣ ನಿಲ್ಲಿಸಲಿಲ್ಲ. ‘ನೋಡಿ, ನಮ್ಮ ಹಿರಿಯರು ಬಂದು ನಮಗೆಲ್ಲ ಆಶೀರ್ವಾದ ಮಾಡ್ತಾ ಇದ್ದಾರೆ. ಇದಕ್ಕಿಂತ ಭಾಗ್ಯ ಉಂಟಾ? ಚಪ್ಪಾಳೆ’ ಎಂದರು.

ಮತ್ತೆ ಚಪ್ಪಾಳೆ.

ನಾನು ಎದ್ದು, ‘ಅದು ಆಶೀರ್ವಾದ ಅಲ್ರೀ, ಅವರ ವಾಚ್ ಎಲ್ಲೈತಿ ಹೇಳ್ರಿ’ ಎಂದು ಕೂಗಿದೆ. ನನ್ನ ದನಿ ಮೊದಲೆರಡು ಸಾಲಿಗೂ ಮುಟ್ಟಿರಲಿಕ್ಕಿಲ್ಲ. ಸ್ವಯಂಸೇವಕರು ಬಂದು ಮಾಮಾನ ಹೆಗಲು ಹಿಡಿದು, ಬಹಳ ಗೌರವದಿಂದ, ಊಟದ ಕಡೆಗೆ ಕರೆದೊಯ್ದರು. ಎಲೆ ಹಾಕಿದರು. ಅವನು ಎಲೆಯನ್ನು ಮಡಚಿಟ್ಟು ಹೊರಗೆ ಬಂದ. ಆಮೇಲೆ ಆ ಸಂಘದ ಮೆಟ್ಟಿಲು ಹತ್ತಲಿಲ್ಲ. ಬೇರೆ ವಾಚನ್ನೂ ಕಟ್ಟಲಿಲ್ಲ.

ನನ್ನ ಮದುವೆಗೆ ಅಡುಗೆ ಮಾಡಿದ್ದು ಅವನೇ. ಬಡಿಸುವವರನ್ನು ಗದರಿಸುತ್ತ, ನನ್ನ ಗಂಡನ ಎಲೆಗೆ ತಾನೇ ಪಾಯಸ ಹಾಕುತ್ತ ಓಡಾಡಿದ. ನಾನು ಮಲಾಡಿಗೆ ಬಂದೆ. ಕೆಲವು ವರ್ಷಗಳ ಮೇಲೆ ಮಾಮಾನ ಎದೆಗೆ ಕಫ ಕಟ್ಟಿತು, ಸರಕಾರಿ ಆಸ್ಪತ್ರೆಯಲ್ಲಿ ತೀರಿಕೊಂಡ. ಮಗನ ಜಾಗದಲ್ಲಿ ನಿಂತು ಬೆಂಕಿ ಇಟ್ಟದ್ದು ನನ್ನ ಅಪ್ಪ, ಮಾಮಾನಿಗಿಂತ ಒಂದೆರಡು ವರ್ಷಕ್ಕಷ್ಟೇ ಚಿಕ್ಕವನು. ಸಂಘದವರು ಸಂತಾಪ ಸಭೆ ನಡೆಸಿದರೆಂದು ಆಮೇಲೆ ಕೇಳಿದೆ.

ಫೋಟೊ ಬಂದ ಮೂರನೆಯ ದಿನ ನಾನು ಆ ಹೊಸ ಬಿಲ್ಡಿಂಗಿಗೆ ಹೋದೆ. ಈಗ ಮುಂಬಯಿಗೂ ಬುಲೆಟ್ ಟ್ರೇನ್ ಬರುವ ಮಾತಿರುವುದರಿಂದ ಆ ಕಪಾಟಿನ ಮುಂದೆಯೇ ಜನ ಹೆಚ್ಚು. ಒಬ್ಬ ತಂದೆ ಮಗುವನ್ನು ಎತ್ತಿ ತೋರಿಸುತ್ತಿದ್ದ. ಕಾರ್ಯದರ್ಶಿ ಇನ್ನೂ ತರುಣ, ಒಳ್ಳೆಯ ಹುಡುಗ. ಎಲ್ಲವನ್ನೂ ಕೂತು ಕೇಳಿದ. ‘ಆಂಟಿ, ನಂಗೆ ಇದೆಲ್ಲ ಪತಾ ಇರ್ಲಿಲ್ಲ. ಸಾರಿ. ಕಮಿಟಿ ಹತ್ರ ಮಾತಾಡ್ತೇನೆ’ ಎಂದ.

ನಿನ್ನೆ ಅವನ ಫೋನ್ ಬಂತು. ಖುಷಿಯಲ್ಲಿದ್ದ. ಹಳೆಯ ಕಾರ್ಡು ತೆಗೆಸಿದ್ದಾನಂತೆ. ಹೊಸದರಲ್ಲಿ ಮಾಮಾನ ಪೂರ್ತಿ ಹೆಸರು ಹಾಕಿ, ‘ಇವರ ಕೊಡುಗೆ’ ಎಂದು ಬರೆಸುತ್ತಾರಂತೆ.

‘ಕೊಡುಗೆ ಅಲ್ಲಪ್ಪ. ಅವರು ಕೊಟ್ಟಿಲ್ಲ’ ಎಂದೆ.

‘ಹಾಗಾದ್ರೆ ಏನು ಬರೀಬೇಕು ಆಂಟಿ?’

‘ಕಸಿದುಕೊಂಡದ್ದು ಅಂತ ಬರಿ. ಯಾರು ಕಸಿದರು ಅನ್ನೋದನ್ನೂ ಬರಿ.’

ಹಾಗೆ ಬರೆಯಲು ಕಮಿಟಿ ಒಪ್ಪುವುದಿಲ್ಲ ಎಂದ, ಮೆಲ್ಲಗೆ. ಹಾಗಿದ್ದರೆ ಗಡಿಯಾರ ಕೊಟ್ಟುಬಿಡಿ ಎಂದೆ. ಯಾರಿಗೆ ಕೊಡುವುದು, ಅವರಿಗೆ ವಾರಸುದಾರರು ಯಾರಾದರೂ ಇದ್ದಾರೆಯೇ ಎಂದು ಕೇಳಿದ.

ಇಲ್ಲ. ಅಪ್ಪನೂ ಇಲ್ಲ, ಅಮ್ಮನೂ ಇಲ್ಲ, ಆ ಚಾಳೂ ಇಲ್ಲ. ಕಾಗದದ ಮೇಲೆ ನಾನು ಮಾಮಾನಿಗೆ ಏನೂ ಅಲ್ಲ.

‘ನಾನಿದೀನಿ. ಅವರ ಮಗಳು’ ಎಂದೆ.