ಹಿಟ್ಟಿಗೆ ಕೈಯಿಟ್ಟು ನಿಜ ಕೇಳುವ ರೋಸ್ವಿತಾ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಸ್ಟುಟ್‌ಗಾರ್ಟಿನ ಹೆಸ್ಲಾಖ್ ಬಡಾವಣೆಯಲ್ಲಿ ಅಲ್ಫೋನ್ಸ್ ರೇಬ್‌ಮನ್ ಅವರ ಬೇಕರಿಯ ಹಿಂಬಾಗಿಲು ಅರ್ಧ ತೆರೆದಿದೆ. ಒಳಗೆ ಮರದ ಮೇಜಿನ ಮುಂದೆ ರೋಸ್ವಿತಾ ಝೈಸರ್ ತೋಳೇರಿಸಿ ನಿಂತಿದ್ದಾರೆ. ನಾದಿದ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ಹೊಸೆದು ಉದ್ದ ಮಾಡುತ್ತಾರೆ, ಎರಡು ತುದಿ ಹಿಡಿದು ಗಾಳಿಯಲ್ಲಿ ಒಂದು ಸುತ್ತು ತಿರುಗಿಸುತ್ತಾರೆ, ಬಿದ್ದ ಗಂಟನ್ನು ಹಲಗೆಯ ಮೇಲೆ ಒತ್ತುತ್ತಾರೆ. ಇಲ್ಲಿನವರ ಗಂಟು ಬ್ರೆಡ್ಡು, ಒಂದು ಬ್ರೆತ್ಸೆಲ್ ಆಯಿತು. ನಾನು ಇದನ್ನು ಬರೆದುಕೊಳ್ಳುವಷ್ಟರಲ್ಲಿ ನಾಲ್ಕಾಗಿವೆ.

ವಿಚಿತ್ರವೆಂದರೆ ಅವರು ಈ ಬೇಕರಿಯ ಕೆಲಸದವರೇ ಅಲ್ಲ. ಬಂದಿರುವುದು ಒಂದೇ ಒಂದು ಪ್ರಶ್ನೆ ಕೇಳಲು, ಆದರೆ ಕೇಳುವ ಆತುರ ಮಾತ್ರ ಎಳ್ಳಷ್ಟೂ ಕಾಣುವುದಿಲ್ಲ. ರೇಬ್‌ಮನ್ ಅವರ ಸೊಂಟ ನೋವು, ಚರ್ಚಿನ ಗಾಯನ ಮಂಡಳಿಯ ಜಗಳ, ಪಕ್ಕದ ಮನೆಯವರ ನಾಯಿ ಎಲ್ಲ ಮುಗಿಯಬೇಕು. ಬಾಗಿಲ ಪಕ್ಕ ಹಿಟ್ಟಿನ ಮೂಟೆಗಳ ನಡುವೆ ಇಬ್ಬರು ಕೆಲಸಕ್ಕೆ ಬಾರದವರು ನಿಂತಿದ್ದೇವೆ. ಒಬ್ಬಳು ನಾನು. ಇನ್ನೊಬ್ಬರು ಹ್ಯಾಂಬುರ್ಗಿನಿಂದ ಬಂದ ವೀಬ್ಕೆ ಟಾಮ್ಸೆನ್. ಹೊಸ ಕಂಪನಿಯೊಂದಕ್ಕೆ ಬಂಡವಾಳ ಹಾಕಬಹುದೋ ಬೇಡವೋ ಎಂದು, ಹಾಕುವವರ ಪರವಾಗಿ ನೋಡಿ ಹೇಳುವುದು ಅವರ ಕೆಲಸ. ಅವರ ಕರಿ ಬೂಟು ಆಗಲೇ ಬೆಳ್ಳಗಾಗಿದೆ, ಪಾಪ.

ರೋಸ್ವಿತಾ ದುಡಿಯುವುದು ಕ್ಯೋರ್ಬ್ಲೆ ಎಂಬ ಆ್ಯಪ್‌ಗೆ. ಇಲ್ಲಿನ ಆಡುಮಾತಿನಲ್ಲಿ ಪುಟ್ಟ ಬುಟ್ಟಿ ಎಂದರ್ಥ. ಮಾಂಸ ಮೊಟ್ಟೆಯಷ್ಟೇ ಅಲ್ಲ, ಹಾಲು, ಬೆಣ್ಣೆ, ಜೇನನ್ನೂ ಮುಟ್ಟದ ವೀಗನ್ ಜನರಿಗೆ ದಿನಸಿ, ತರಕಾರಿ, ಬ್ರೆಡ್ಡು ಮನೆಗೆ ತಲುಪಿಸುವ ಆ್ಯಪ್ ಇದು. ಏಳೇ ಜನರ ಕಂಪನಿ. ಪೊಟ್ಟಣದಲ್ಲಿ ಬರುವ ಸಾಮಾನಿನ ಮೇಲೆ ಏನೇನಿದೆ ಅಂತ ಬರೆದಿರುತ್ತದೆ, ಅದನ್ನು ಯಾರು ಬೇಕಾದರೂ ಓದಿಕೊಳ್ಳಬಹುದು. ಬೇಕರಿಯ ಗಾಜಿನ ಹಿಂದೆ ರಾಶಿ ಬಿದ್ದಿರುವ ಬ್ರೆಡ್ಡಿನ ಮೇಲೆ ಯಾರೂ ಬರೆದಿರುವುದಿಲ್ಲ. ಅದರೊಳಗೆ ಏನಿದೆ ಅಂತ ತಿಳಿಯಬೇಕಾದರೆ ಮಾಡಿದವನನ್ನೇ ಕೇಳಬೇಕು, ಮತ್ತು ಅವನು ನಿಜ ಹೇಳಬೇಕು. ಅರವತ್ಮೂರು ವರ್ಷದ ರೋಸ್ವಿತಾ ಅವರ ಉದ್ಯೋಗ ಅಷ್ಟೇ. ವಾರಕ್ಕೆ ಐದು ದಿನ, ದಿನಕ್ಕೆ ಏಳೋ ಎಂಟೋ ಬೇಕರಿ, ಒಟ್ಟು ನೂರ ಮೂವತ್ತೊಂದು ಹಿಂಬಾಗಿಲುಗಳು.

"ಇದು ವೀಗನ್ನಾ ಅಂತ ಕೇಳಿದ್ರೆ ಕೆಟ್ಟಿತು," ಎನ್ನುತ್ತಾರೆ ಅವರು. "ಹೌದಮ್ಮ ಹೌದು, ಎಲ್ಲಾ ಗಿಡದ್ದೇ ಅಂತ ಹೇಳಿ ಕಳಿಸಿಬಿಡ್ತಾರೆ. ಸುಳ್ಳು ಹೇಳಬೇಕು ಅಂತಲ್ಲ, ತಲೆನೋವು ಬೇಡ ಅಂತ. ಅದೇ ಪಕ್ಕದಲ್ಲಿ ನಿಂತು ಹಿಟ್ಟಿಗೆ ಕೈ ಹಾಕಿ ನೋಡಿ. ಜೊತೆಗೆ ದುಡಿಯೋರ ಹತ್ರ ಮನುಷ್ಯ ಸುಳ್ಳು ಹೇಳಲ್ಲ."

ಈ ಪಾಠ ಕಂಪನಿ ಕಲಿತದ್ದು ಪೆಟ್ಟು ತಿಂದ ಮೇಲೆ. ಐದು ವರ್ಷದ ಹಿಂದೆ, ಕ್ಯೋರ್ಬ್ಲೆ ಶುರುವಾದ ಹೊಸದರಲ್ಲಿ, ಬೇಕರಿಗಳಿಗೆಲ್ಲ ತುಂಬಿ ಕೊಡಲು ಒಂದು ನಮೂನೆ ಕಳಿಸಿದ್ದರು. ಪ್ರಾಣಿಯಿಂದ ಬಂದದ್ದೇನಾದರೂ ಇದೆಯೇ ಎಂದು ಅದರಲ್ಲಿ ಪ್ರಶ್ನೆ. ಬ್ರೆತ್ಸೆಲ್‌ನ ಮುಂದೆ ಅರವತ್ತು ಬೇಕರಿಯವರು ಒಂದೇ ಸಮನೆ ಇಲ್ಲ ಎಂದು ಗುರುತು ಹಾಕಿದರು. ಅದರಲ್ಲಿ ಅರ್ಧಕ್ಕರ್ಧ ಜನ ಹಿಟ್ಟಿಗೆ ಹಂದಿ ಕೊಬ್ಬು ಹಾಕಿಯೇ ನಾದುವವರು. ಮೋಸವಲ್ಲ. ನಮ್ಮ ಈ ಶ್ವಾಬಿಯಾ ಸೀಮೆಯ ಬೇಕರಿಯವರ ಲೆಕ್ಕದಲ್ಲಿ ಹಂದಿ ಅಂದರೆ ಹಂದಿ, ಕೊಬ್ಬು ಅಂದರೆ ಕೊಬ್ಬು, ಅದೂ ಒಂದು ಪ್ರಾಣಿ ಎನ್ನುವುದು ಅವರ ತಲೆಗೆ ಹೊಳೆದೇ ಇಲ್ಲ. ಹನ್ನೊಂದು ವರ್ಷ ಕಟ್ಟುನಿಟ್ಟಾಗಿ ನಡೆದುಕೊಂಡಿದ್ದ ಗಿರಾಕಿಯೊಬ್ಬಳು ವಿಷಯ ತಿಳಿದು ಅತ್ತು ಪತ್ರ ಬರೆದಳು. ನಾನು ಅವಳನ್ನು ನೋಡಿ ನಗುವ ಸ್ಥಿತಿಯಲ್ಲಿಲ್ಲ. ಈ ಊರಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು, ಬರೀ ಹಿಟ್ಟು ಉಪ್ಪು ತಾನೇ ಎಂದುಕೊಂಡು ಅದರಲ್ಲಿ ಹದಿನೇಳು ವರ್ಷ ದಿನಕ್ಕೊಂದು ಬ್ರೆತ್ಸೆಲ್ ತಿಂದಿದ್ದೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಈ ಪುರವಣಿ ಅವಳ ಕೈಗೆ ಸಿಗದಿರಲಿ.

ಆ ಉತ್ತರ ನಂಬಿ ಆ್ಯಪ್‌ನಲ್ಲಿ ಹಾಕಿದ್ದ ಪಟ್ಟಿ ತಪ್ಪು ಎಂದು ಮೊದಲು ಫೋನ್ ಮಾಡಿ ಹೇಳಿದವರು ರೋಸ್ವಿತಾ. ಆಗ ಅವರಿಗೆ ಕೆಲಸವಿರಲಿಲ್ಲ. ಇದೇ ಊರಿನ ಗಾಯ್ಸ್‌ಬುರ್ಗಿನ ಬೇಕರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಗಲ್ಲಾದ ಹಿಂದೆ ನಿಂತು ಬ್ರೆಡ್ಡು ಮಾರಿದ್ದರು. ಬೆಳಿಗ್ಗೆ ಜನ ಬರುವ ಮುಂಚೆ ಒಳಗೆ ಹೋಗಿ ಹಿಟ್ಟು ಹೊಸೆಯುವುದೂ ಅವರದೇ. ಕಾರ್ಖಾನೆಯಲ್ಲಿ ಮಾಡಿ ತಣ್ಣಗಿಟ್ಟ ಹಿಟ್ಟನ್ನು ತಂದು ಅಂಗಡಿಯಲ್ಲೇ ಬೇಯಿಸಿ ಮಾರುವ ಮಳಿಗೆಗಳು ಬೀದಿಗೆರಡು ಎದ್ದ ಮೇಲೆ ಆ ಬೇಕರಿ ಮುಚ್ಚಿತು. ಐವತ್ತೆಂಟರ ಹೆಂಗಸಿಗೆ ಯಾರು ಕೆಲಸ ಕೊಡುತ್ತಾರೆ? ಹದಿನೆಂಟು ಕಡೆ ಕೇಳಿದರಂತೆ. ಮನೆಯಲ್ಲಿ ಗಂಡ ಡೀಟರ್ ಟ್ರಾಮ್ ಓಡಿಸುತ್ತಾ ಕುಟುಂಬ ನಡೆಸಿದರು.

"ಸುಮ್ನೆ ಕೂತ್ರೆ ಹುಚ್ಚು ಹಿಡಿಯುತ್ತೆ ಅಂತ ಅವರ ಪಟ್ಟಿ ಓದ್ತಾ ಕೂತಿದ್ದೆ," ಎಂದು ನೆನೆಯುತ್ತಾರೆ. "ನಮ್ಮ ಹಳೇ ಬೇಕರಿ ಹೆಸರೂ ಇತ್ತು. ಅಲ್ಲಿ ಕೊಬ್ಬು ಕಲಸಿದ ಕೈ ನಂದೇ. ಫೋನ್ ಮಾಡಿ, ಏನಪ್ಪಾ ಹುಡುಗಾ, ಇದೆಲ್ಲಾ ನಂಬಿಕೊಂಡು ಕೂತಿದ್ದೀಯಾ ಅಂದೆ. ನಾಳೆ ಬಂದು ಸರಿ ಮಾಡಿಕೊಡ್ತೀರಾ ಅಂದ."

ಹುಡುಗ ಎಂದರೆ ಟಿಮೊ ಶ್ವೆಂಕೆಲ್, ಕಂಪನಿ ಕಟ್ಟಿದವರು. ನೀವು ವೀಗನ್ನೇ ಎಂದು ನಾನು ಕೇಳಿದಾಗ ರೋಸ್ವಿತಾ ಹೊಟ್ಟೆ ಹಿಡಿದು ನಕ್ಕರು. "ಭಾನುವಾರ ಸಾಸೇಜ್ ಇಲ್ಲದಿದ್ರೆ ಡೀಟರ್ ಮನೆ ಬಿಟ್ಟು ಹೋಗ್ತಾನೆ. ನಾನು ತಿಂತೀನಮ್ಮ. ತಿನ್ನಲ್ಲ ಅನ್ನೋರಿಗೆ ತಿನ್ನಿಸಬಾರದು, ಅಷ್ಟೇ."

ಈಗ ಕ್ಯೋರ್ಬ್ಲೆಗೆ ಹೊಸ ಬಂಡವಾಳ ಬೇಕಾಗಿದೆ. ಸಿಗದಿದ್ದರೆ ತಿಂಗಳ ಕೊನೆಗೆ ಕಂಪನಿ ಮುಚ್ಚುತ್ತದೆ, ರೋಸ್ವಿತಾ ಅವರ ಬೆಳಗಿನ ಸುತ್ತೂ ನಿಲ್ಲುತ್ತದೆ. ಟಿಮೊ ತಮ್ಮ ಕಂಪನಿಯ ಹೆಚ್ಚುಗಾರಿಕೆ ಎಂದು ಹನ್ನೊಂದು ಅಂಶ ಬರೆದುಕೊಂಡು ಕೂತಿದ್ದರು. ವೀಬ್ಕೆ ಟಾಮ್ಸೆನ್ ಹಿಡಿದದ್ದು ಒಂದೇ ಪ್ರಶ್ನೆ: ದೊಡ್ಡ ಅಂಗಡಿಗಳು ಮನಸ್ಸು ಮಾಡಿದರೆ ಆರು ತಿಂಗಳಲ್ಲಿ ಮಾಡಲಾಗದಂಥದ್ದು ನಿಮ್ಮಲ್ಲಿ ಏನಿದೆ? ಬೇಗ ತಲುಪಿಸುತ್ತೇವೆ ಎಂದರು ಟಿಮೊ. ಅವರೂ ತಲುಪಿಸ್ತಾರೆ ಎಂದು ವೀಬ್ಕೆ ಗೀಟು ಎಳೆದರು. ಅಡುಗೆ ವಿಧಾನ ಕೊಡುತ್ತೇವೆ ಎಂದರು. ಗೀಟು. ನೋಡಲು ಚೆಂದ ಇದೆ ಎಂದರು. ಇನ್ನೊಂದು ಗೀಟು. ಕೊನೆಗೆ ಉಳಿದದ್ದು ಹನ್ನೊಂದನೆಯದು, ಬೇಕರಿಗಳ ಪಟ್ಟಿ. ಇದನ್ನು ಯಾರು ಮಾಡ್ತಾರೆ ಎಂದು ಕೇಳಿದರೆ, "ಝೈಸರಮ್ಮ ಅಂತ ಒಬ್ಬರಿದ್ದಾರೆ, ಬೆಳಿಗ್ಗೆ ಬೇಗ ಎದ್ದು ಹೋಗ್ತಾರೆ," ಎಂದರಂತೆ ಟಿಮೊ. ಹಾಗಾಗಿ ವೀಬ್ಕೆ ಇವತ್ತು ಮೂಟೆಗಳ ಮಧ್ಯೆ ನಿಂತಿದ್ದಾರೆ.

ಹಲಗೆ ತುಂಬುತ್ತಾ ಬಂದಿದೆ. ರೋಸ್ವಿತಾ ಕೈ ಒಂದು ಕ್ಷಣ ನಿಲ್ಲುತ್ತದೆ. ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿ ನೋಡಿಕೊಳ್ಳುತ್ತಾರೆ.

"ಅಲ್ಫೋನ್ಸ್, ಇವತ್ತು ಹಿಟ್ಟಿಗೆ ಏನು ಹಾಕಿದ್ದೀಯಪ್ಪಾ?"

ರೇಬ್‌ಮನ್ ಬೆನ್ನು ತಿರುಗಿಸಿಕೊಂಡೇ ಇದ್ದಾರೆ. "ಸೋಮವಾರದಿಂದ ಕೊಬ್ಬು ಕಣೇ," ಎನ್ನುತ್ತಾರೆ. "ಎಣ್ಣೆ ಹಾಕಿದ್ದು ರಬ್ಬರ್ ಥರ ಇರುತ್ತೆ ಅಂತ ಗಾಯನ ಮಂಡಳಿಯೋರೆಲ್ಲಾ ಮುಖದ ಮೇಲೆ ಹೇಳಿದ್ರು. ನಮ್ಮಪ್ಪ ಮಾಡ್ತಿದ್ದ ಹಾಗೆ ಮಾಡಿದ್ದೀನಿ."

ಕ್ಯೋರ್ಬ್ಲೆಯಲ್ಲಿ ಅತಿ ಹೆಚ್ಚು ಹೋಗುವುದೇ ರೇಬ್‌ಮನ್ ಬ್ರೆತ್ಸೆಲ್, ದಿನಕ್ಕೆ ನಾನೂರು. ಅದೂ ಇವತ್ತೇ, ಹ್ಯಾಂಬುರ್ಗಿನವರ ಕಣ್ಣೆದುರೇ ಇದಾಗಬೇಕೇ? ರೋಸ್ವಿತಾ ಏಪ್ರನ್ನಿಗೆ ಕೈ ಒರೆಸಿಕೊಂಡು, ದಪ್ಪ ಅಕ್ಷರದ ಫೋನ್ ತೆಗೆದು, ಕನ್ನಡಕ ಏರಿಸುತ್ತಾರೆ.

"ಪಟ್ಟಿಯಿಂದ ನಾಳೆ ತೆಗೆದ್ರೆ ಆಗಲ್ವಾ?" ಎನ್ನುತ್ತಾರೆ ರೇಬ್‌ಮನ್. "ಈ ಹ್ಯಾಂಬುರ್ಗಿನವರು ಊರಿಗೆ ಹೋಗಲಿ."

"ಆರು ಗಂಟೆಗೆ ಗಾಡಿ ಬರುತ್ತೆ. ಏಳಕ್ಕೆ ಯಾರೋ ತಿಂತಾರೆ. ಅವರು ನಿನ್ನ ನಂಬಿಲ್ಲ ಕಣೋ, ನನ್ನ ನಂಬಿದ್ದಾರೆ."

"ಹಾಗಾದ್ರೆ ಇನ್ನು ಮೇಲೆ ಈ ಬಾಗಿಲಿಗೆ ಬರಬೇಡ."

ರೋಸ್ವಿತಾ ಗುಂಡಿ ಒತ್ತಿ ರೇಬ್‌ಮನ್ ಬ್ರೆತ್ಸೆಲನ್ನು ಪಟ್ಟಿಯಿಂದ ತೆಗೆದು, ಫೋನ್ ಜೇಬಿಗೆ ಹಾಕುತ್ತಾರೆ. ಹಲಗೆಯಲ್ಲಿ ಇನ್ನೂ ಹನ್ನೆರಡು ಉಂಡೆ ಉಳಿದಿವೆ. ಅಷ್ಟನ್ನೂ ಹೊಸೆದು, ತಿರುಗಿಸಿ, ಸಾಲಾಗಿಟ್ಟು, ಕೈ ತೊಳೆದು ಹೊರಡುತ್ತಾರೆ. ಬೀದಿಗೆ ಬಂದ ಮೇಲೆ ಮಾತ್ರ ಗೋಡೆ ಹಿಡಿದು ನಿಂತರು. ಮೂವತ್ತು ವರ್ಷದ ಸ್ನೇಹ ಅದು. ಕಣ್ಣು ಒರೆಸಿಕೊಳ್ಳುವುದನ್ನು ನಾವಿಬ್ಬರೂ ನೋಡಿದೆವು. ವೀಬ್ಕೆ ಏನೂ ಬರೆದುಕೊಳ್ಳಲಿಲ್ಲ.

ಎರಡು ವಾರದ ನಂತರ ವರದಿ ಬಂತು. ಅದರ ಒಂದು ಭಾಗವನ್ನು ಟಿಮೊ ನನಗೆ ಓದಿ ಹೇಳುತ್ತಾರೆ. "ಬೇರೆಯವರು ನಕಲು ಮಾಡಲಾಗದಂಥದ್ದು ಈ ಕಂಪನಿಯ ಬಳಿ ಒಂದೇ ಇದೆ. ಈ ಊರಿನ ಬೇಕರಿಯವರು ಇವರಿಗೆ ನಿಜ ಹೇಳುತ್ತಾರೆ. ಆದರೆ ಅವರು ನಿಜ ಹೇಳುವುದು ಕಂಪನಿಗೋ ಅಥವಾ ರೋಸ್ವಿತಾ ಝೈಸರ್ ಒಬ್ಬರಿಗೋ, ಗೊತ್ತಿಲ್ಲ." ಹಣದಲ್ಲಿ ಸ್ವಲ್ಪ ಈಗ, ಉಳಿದದ್ದು ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಬೇಕರಿಯವರು ಇನ್ನೊಬ್ಬರಿಗೂ ನಿಜ ಹೇಳುತ್ತಾರೆಂದು ತೋರಿಸಬೇಕು.

"ನಾನು ಹೋದ ಮೇಲೆ ಏನು ಅಂತ ನಾನಿರುವಾಗ್ಲೇ ಕೇಳ್ತಾರಲ್ಲ," ಎಂದು ರೋಸ್ವಿತಾ ಮೊದಲು ಮುಖ ಊದಿಸಿಕೊಂಡರು. ಎರಡು ಲೋಟ ಕಾಫಿಯ ಮೇಲೆ ಇಳಿದರು. "ಕೇಳಿದ್ದು ಸರಿಯಾಗೇ ಇದೆ. ಮಂಡಿ ಎರಡೂ ಹೋಗಿವೆ, ಹೆಸ್ಲಾಖಿನ ಮೆಟ್ಟಿಲು ಹತ್ತೋಕಾಗಲ್ಲ. ಆದ್ರೆ ನನ್ನ ಜೊತೆಗೇ ಈ ಬಾಗಿಲುಗಳೂ ಮುಚ್ಚಿಹೋದ್ರೆ ನಾನು ಮಾಡಿದ್ದೆಲ್ಲಾ ಬರೀ ಹರಟೆ ಆಯ್ತಲ್ವಾ? ಅದೊಂದು ಆಗಬಾರದು."

ಹಾಗೆ ಕೆಲಸ ಕಲಿಯಲು ರೋಸ್ವಿತಾ ಜೊತೆಗೆ ಬಂದವರು ನಲವತ್ನಾಲ್ಕರ ಆಯ್ತೆನ್ ಕೊರ್ಕ್ಮಾಝ್. ಆಸ್ಪತ್ರೆಯ ಅಡುಗೆಮನೆಯಲ್ಲಿ ಹದಿನಾರು ವರ್ಷ ಕೆಲಸ ಮಾಡಿದವರು. ತುರ್ಕಿ ಮೂಲದವರು, ಹಂದಿ ಮುಟ್ಟದ ಮನೆಯವರು. "ಬ್ರೆತ್ಸೆಲ್ ತಿನ್ನೋ ಮುಂಚೆ ಇದರಲ್ಲಿ ಏನಿದೆ ಅಂತ ನಾನು ಹುಟ್ಟಿದಾಗಿಂದ ಕೇಳ್ತಾನೇ ಇದ್ದೀನಿ ಬಿಡಿ," ಎನ್ನುತ್ತಾರೆ. ಕೈ ಚುರುಕು. ಎಣ್ಣೆ ಹಾಕಿದ ಹಿಟ್ಟಿನಲ್ಲಿ ಮೂರೇ ದಿನಕ್ಕೆ ಗಂಟು ಹಾಕುವುದು ಕಲಿತರು. ಆದರೂ ಮೊದಲ ವಾರ ಏನೂ ಗಿಟ್ಟಲಿಲ್ಲ. ಆಯ್ತೆನ್ ಕೇಳಿದರೆ "ಎಲ್ಲಾ ಗಿಡದ್ದೇ ಅಮ್ಮ" ಎನ್ನುತ್ತಿದ್ದ ಬೇಕರಿಯವರು, ಆಕೆ ಅತ್ತ ಹೋದ ಮೇಲೆ ರೋಸ್ವಿತಾ ಕಿವಿಯಲ್ಲಿ ಬೇರೆಯೇ ಹೇಳುತ್ತಿದ್ದರು. ಒಂದಲ್ಲ, ಇಪ್ಪತ್ತಾರು ಬೇಕರಿಗಳಲ್ಲಿ ಹೀಗೇ ಆಯಿತು. ಆ ಶುಕ್ರವಾರ ರೋಸ್ವಿತಾ ಅವರಷ್ಟು ಸೋತ ಮುಖ ನಾನು ಕಂಡಿರಲಿಲ್ಲ.

ಸೋಮವಾರದ ಪಟ್ಟಿಯಲ್ಲಿ ಮೊದಲು ಬರುವುದು ರೇಬ್‌ಮನ್ ಬೇಕರಿ. ಬರಬೇಡ ಎಂದ ದಿನದಿಂದ ರೋಸ್ವಿತಾ ಆ ಬೀದಿಗೆ ಕಾಲಿಟ್ಟಿರಲಿಲ್ಲ. ಇವತ್ತು ಹಿಂಬಾಗಿಲಿನ ಪಕ್ಕ ಖಾಲಿ ಕ್ರೇಟುಗಳ ಮೇಲೆ ಕೂತು ಆಯ್ತೆನ್‌ಗೆ ಕಣ್ಸನ್ನೆ ಮಾಡುತ್ತಾರೆ. "ನೀನೇ ಹೋಗು. ನನ್ನ ಕಂಡ್ರೆ ಬಾಗಿಲು ಹಾಕ್ತಾನೆ."

ಆಯ್ತೆನ್ ಒಳಗೆ ಹೋಗುತ್ತಾರೆ. ನಾನು ರೋಸ್ವಿತಾ ಪಕ್ಕ ಕೂರುತ್ತೇನೆ. ಒಳಗಿನ ಮಾತು ಚೆನ್ನಾಗಿ ಕೇಳುತ್ತದೆ.

"ಎಲ್ಲಿ ಅವಳು?"

"ಮಂಡಿ ನೋವು. ನಾನು ಬಂದಿದ್ದೀನಿ. ಕೆಲಸ ಏನಾದ್ರೂ ಇದ್ಯಾ?"

"ಹೆಸರೇನು?"

"ಆಯ್ತೆನ್ ಕೊರ್ಕ್ಮಾಝ್."

ನಲ್ಲಿಯ ಸದ್ದು. ಕೈ ತೊಳೆಯುತ್ತಿದ್ದಾರೆ. ಹೆಜ್ಜೆ ಮೇಜಿನತ್ತ ಹೋಗುತ್ತದೆ. ರೋಸ್ವಿತಾ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಾರೆ, ನೋಯುವಷ್ಟು ಬಿಗಿಯಾಗಿ.

"ತಡೀರಿ, ತಡೀರಿ," ಎನ್ನುತ್ತದೆ ರೇಬ್‌ಮನ್ ದನಿ. "ಆ ತೊಟ್ಟಿಗೆ ಕೈ ಹಾಕಬೇಡಿ. ಅದರಲ್ಲಿ ಹಂದಿ ಕೊಬ್ಬಿದೆ, ನಿಮಗಾಗಲ್ಲ. ಈ ಕಡೆದು ಎಣ್ಣೆದು. ಮೂರು ವಾರದಿಂದ ದಿನಾ ಎರಡೆರಡು ತೊಟ್ಟಿ ಕಲಸ್ತಾ ಇದ್ದೀನಿ, ಸೊಂಟ ಮುರೀತು. ಬಂದು ಬಾಗಿಲು ಬಡೀತಾಳಾ ಆ ಹಟಮಾರಿ? ಬರೆದುಕೊಳ್ಳಿ. ಎಣ್ಣೆದು ಇನ್ನೂರೈವತ್ತು, ಅಷ್ಟೇ ಆಗೋದು."

ರೋಸ್ವಿತಾ ಏಳಲಿಲ್ಲ, ಒಳಗೂ ಹೋಗಲಿಲ್ಲ. ನನ್ನ ಕೈ ಬಿಟ್ಟು, ತಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿದರು.

"ಅವಳು ಕೇಳೇ ಇಲ್ಲ," ಎಂದರು. "ಕೇಳೋ ಮುಂಚೆ ಹೇಳಿದ."