ಟವೆಲ್ಲಿನ ವಿದೇಶಾಂಗ ನೀತಿ

ಗಡಿಯಲ್ಲಿ ಯುದ್ಧ ನಡೆದಿದ್ದ ದಿನಗಳು. ರಾಣೆಬೆನ್ನೂರಿನಲ್ಲಿ ಹಾವೇರಿ ಬಸ್ಸಿನ ಸೀಟಿಗೆ ಬ್ಯಾಗಿಟ್ಟು ಚಹಾ ಕುಡಿದು ಬರುವಷ್ಟರಲ್ಲಿ, ಮೀಸೆಯ ಯಜಮಾನರೊಬ್ಬರು ಕಿಟಕಿಯಿಂದ ಟವೆಲ್ ಒಗೆದು ಅಲ್ಲಿ ಕೂತುಬಿಟ್ಟಿದ್ದರು. ನನ್ನ ಬ್ಯಾಗು ಕೆಳಗೆ ಬಿದ್ದಿತ್ತು.

"ಯಜಮಾನ್ರ, ಇದು ನನ್ನ ಸೀಟ್ರಿ."

"ಟವೆಲ್ ಕಾಣಂಗಿಲ್ಲೇನ್ರಿ?" ಅಂದವರೇ ಪಕ್ಕದವರತ್ತ ತಿರುಗಿ ಪಾಕಿಸ್ತಾನದ ಮಾತು ಮುಂದುವರಿಸಿದರು. "ನಮ್ಮದು ಶಾಂತಿಪ್ರಿಯ ದೇಶರಿ. ಮಂದಿ ನೆಲ ಒಂದು ಗೇಣೂ ಮುಟ್ಟಿಲ್ಲ. ಅದಕ್ಕ ಅವರ ಜೋಡಿ ಮಾತುಕತಿನ ಬ್ಯಾಡ, ಬಡದ ಬುದ್ಧಿ ಕಲಿಸಬೇಕು!"

"ಒಂದೀಟು ಸರೀರಿ," ಅಂದೆ.

"ಮೊದಲ ಕಿರಿಕಿರಿ ಬಿಡ್ರಿ, ಆಮ್ಯಾಲೆ ಮಾತು."

ಬಸ್ಸಿಗೆ ಬಸ್ಸೇ ತಲೆದೂಗಿತು.

ಬ್ಯಾಡಗಿಯಲ್ಲಿ ಇಬ್ಬರೂ ಇಳಿದರು. ನಾನು ಕೂತು, ಪಕ್ಕದಲ್ಲಿ ಬ್ಯಾಗು ಕೂರಿಸಿದೆ. ಹತ್ತಿದವರೊಬ್ಬರು "ಒಂದೀಟು ಸರೀರಿ" ಅಂದರು. ನಾನೂ ಶಾಂತಿಪ್ರಿಯ ದೇಶದವನೇ ಅಲ್ಲವೇ, ಕಿಟಕಿಯಾಚೆ ನೋಡುತ್ತ ಕೂತೆ.