ನಮ್ಮ ಮಧ್ಯಾಹ್ನದ ನಿದ್ದೆಯನ್ನು ಕಾದವರು

ಅದು ಸಾವಿರದ ಒಂಬೈನೂರ ಎಪ್ಪತ್ತೆರಡರ ವೈಶಾಖ. ಬೇಸಿಗೆ ಬೆಳೆಯ ಬತ್ತ ಗಾಡಿಗಾಡಿಯಾಗಿ ಗಿರಣಿಗೆ ಬಂದು ಬೀಳುವ ಕಾಲ. ಹೊತ್ತು ನೆತ್ತಿಯ ಮೇಲೆ ನಿಂತು, ನೆರಳೆಲ್ಲ ಕಾಲಡಿಗೆ ಸೇರಿಕೊಂಡಿದ್ದ ಗಳಿಗೆ. ಕೊತ್ತತ್ತಿಯ ನಾಲೆಯ ಪಕ್ಕದ ಅಕ್ಕಿ ಗಿರಣಿಯ ಕಣದಲ್ಲಿ ನಾವು ಹೆಂಗಸರು ಹಸಿ ಬತ್ತವನ್ನು ಕಾಲಿನಿಂದ ಕೆದಕಿ ಸಾಲು ಮಾಡುತ್ತ ನಡೆಯುತ್ತಿದ್ದೆವು. ನನ್ನ ಮುಂದೆ ಹೋಗುತ್ತಿದ್ದ ಶಿವನಂಜಮ್ಮ ಇದ್ದಕ್ಕಿದ್ದಂತೆ ಕುಸಿದು ಬಿದ್ದಳು. ಆಫೀಸು ಕೋಣೆಯಲ್ಲಿದ್ದ ಶ್ರೀಮತಿ ಪಂಕಜಮ್ಮನವರು ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿಬಂದರು. ಮಡಿ ಮೈಲಿಗೆ ಒಂದನ್ನೂ ನೆನೆಯದೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಖಕ್ಕೆ ನೀರು ಚಿಮುಕಿಸಿದರು. ಅವಳು ಕಣ್ಣು ಬಿಟ್ಟ ಮೇಲೆ ಎದ್ದು, ಆ ಸಿಮೆಂಟಿನ ಕಣದಲ್ಲಿ ಬರಿಗಾಲಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಇಂದು ಅವರಿಗೆ ಅಭಿನಂದನ ಗ್ರಂಥ ಅರ್ಪಿಸಲು ನಾವು ಸೇರಿದ್ದೇವಲ್ಲ, ಅದಕ್ಕೆ ಕಾರಣವಾದದ್ದೆಲ್ಲ ಆ ನಿಂತ ಹೊತ್ತಿನಲ್ಲಿ ಹುಟ್ಟಿತೆಂದು ನಾನು ನಂಬಿದ್ದೇನೆ.

ಮಂಡ್ಯ, ಮದ್ದೂರು, ಮಳವಳ್ಳಿಯ ಸೀಮೆಯಲ್ಲಿ ಅಕ್ಕಿ ಗಿರಣಿಗಳಿಗೆ ಬರವಿಲ್ಲ. ನಮ್ಮದಕ್ಕಿಂತ ದೊಡ್ಡವು, ಹಳೆಯವು ಎಷ್ಟೋ ಇವೆ. ಆದರೆ ಪತಿ ಯೋಗಾನರಸಿಂಹಯ್ಯನವರು ತೀರಿಕೊಂಡ ವರ್ಷವೇ ಗಿರಣಿಯ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು, ಗಂಡಸರೇ ಕೂತು ಮಾತಾಡುವ ಈ ಕಸುಬಿನಲ್ಲಿ ದನಿ ಏರಿಸದೆ ನಿಂತು, ಸಣ್ಣ ಗಿರಣಿಯೊಂದಕ್ಕೆ ದೊಡ್ಡ ಹೆಸರು ತಂದ ಹೆಂಗಸು ನಾನು ಕಂಡಂತೆ ಅವರೊಬ್ಬರೇ. ಮೂರನೆಯ ತರಗತಿಗೆ ಬಿಟ್ಟ ಓದು ನನ್ನದು. ಕಣದಲ್ಲಿ ದುಡಿದವರಲ್ಲಿ ಒಬ್ಬರಾದರೂ ಬರೆಯಬೇಕೆಂದು ಗ್ರಂಥದ ಸಮಿತಿಯವರು ಹೇಳಿದ್ದರಿಂದ ದೇವಿರಮ್ಮನೆಂಬ ನಾನು ಬರೆಯಲು ಕೂತಿದ್ದೇನೆ. ತಪ್ಪಿದ್ದರೆ ಹಿರಿಯರು ತಿದ್ದಿಕೊಳ್ಳಬೇಕು.

ಶಿವನಂಜಮ್ಮ ಬಿದ್ದ ಮಾರನೆಯ ಬೆಳಿಗ್ಗೆ ಪಂಕಜಮ್ಮನವರು ನಮ್ಮನ್ನೆಲ್ಲ ಕರೆದು, "ಬಿಸಿಲು ನೆತ್ತಿಗೆ ಬಂದಾಗ ಬತ್ತ ಗುಡ್ಡೆ ಮಾಡಿ, ಮೇಲೆ ಗೋಣಿ ಹೊದಿಸಿ. ಉಂಡು, ಹೊಂಗೆ ಮರದಡಿ ಮಲಗಿ. ಬಿಸಿಲು ಇಳಿದ ಮೇಲೆ ಮತ್ತೆ ಹರಡಿದರಾಯಿತು. ಕೂಲಿ ಹಿಡಿಯೋದಿಲ್ಲ" ಎಂದರು. ನಮಗೆ ನಂಬಿಕೆಯೇ ಬರಲಿಲ್ಲ.

ಬೆಳ್ಳಮ್ಮ ನಮ್ಮಲ್ಲಿ ಬಾಯಾಳಿ. "ಕೂಲಿ ಕೊಟ್ಟು ನಿದ್ದೆ ಮಾಡುಸ್ತಾರಂತೆ ಕಣಮ್ಮ! ಇನ್ನೊಂದು ವರ್ಸ ತಡಿ, ಕನಸಿಗೂ ಕೂಲಿ ಕೇಳಾನ ಬುಡು" ಎಂದಳು.

ಇಂಜಿನ್ ನೋಡಿಕೊಳ್ಳುತ್ತಿದ್ದ ಕೆಂಪಸಿದ್ದಯ್ಯ, "ನಿನ್ನ ಗೊರಕೆಗೆ ದಂಡ ಹಾಕುದ್ರೆ ಅದೂ ವಜಾ ಆಯ್ತದೆ ಕಣಮ್ಮಿ ಬೆಳ್ಳಿ" ಎಂದು ನಗಿಸಿದ.

ಆ ಮಧ್ಯಾಹ್ನಗಳನ್ನು ಹೇಗೆ ಬರೆಯಲಿ? ಇಂಜಿನ್ನಿನ ಸದ್ದು ನಿಂತ ಕೂಡಲೇ ಅಲ್ಲಿಯವರೆಗೆ ಎಲ್ಲೋ ಅಡಗಿದ್ದ ನಾಲೆಯ ನೀರಿನ ಸದ್ದು ಮೆಲ್ಲಗೆ ಎದ್ದು ಬರುತ್ತಿತ್ತು. ಹೊಂಗೆಯ ಹೂವು ಮೈಮೇಲೆ ಉದುರುತ್ತಿತ್ತು. ಗೋಣಿಯ ಕೆಳಗಿನ ಬತ್ತದಿಂದ ಬೆಚ್ಚನೆಯ ವಾಸನೆ, ಎಳೆಗೂಸಿನ ನೆತ್ತಿಯ ವಾಸನೆಯಂಥದು, ಬಂದು ಬಂದು ಹೋಗುತ್ತಿತ್ತು. ಕಣದಲ್ಲಿ ಬತ್ತವೂ ನಮ್ಮ ಹಾಗೆಯೇ ಹೊದ್ದು ಮಲಗಿ ಉಸಿರಾಡುತ್ತಿದೆ ಎಂದು ಅರೆನಿದ್ದೆಯಲ್ಲಿ ಅನ್ನಿಸುತ್ತಿತ್ತು. ಎಷ್ಟೋ ಸಲ ನನ್ನ ತೀರಿಹೋದ ಅವ್ವ ಬಂದು ಪಕ್ಕದಲ್ಲಿ ಕೂತು ತಲೆ ನೇವರಿಸಿದಂತಾಗುತ್ತಿತ್ತು. ಕಣ್ಣು ಬಿಟ್ಟರೆ ದೂರದಲ್ಲಿ ಪಂಕಜಮ್ಮನವರು. ಅವರು ಮಲಗುತ್ತಿರಲಿಲ್ಲ. ಕೈಯಲ್ಲಿ ಹುಣಿಸೆ ಬರಲು, ಎಲೆ ಸವರಿದ ಉದ್ದನೆಯ ಕಡ್ಡಿ, ಹಿಡಿದು, ತಲೆಯ ಮೇಲೆ ಸೆರಗು ಹೊದ್ದು, ಗುಡ್ಡೆಗಳ ಸುತ್ತ ಮೇಕೆ, ಕೋಳಿ, ಕಾಗೆಗಳನ್ನು ಅಟ್ಟುತ್ತಿದ್ದರು. ಅದೂ ಬಾಯಿಬಿಟ್ಟು ಕೂಗದೆ, ನಮಗೆ ಎಚ್ಚರವಾದೀತೆಂದು ಬರಲು ಬೀಸಿ ಮಾತ್ರ. ಆಳುಗಳು ಮಲಗಿ ಯಜಮಾನಿ ಕಾವಲು ಕಾದ ಗಿರಣಿಯನ್ನು ನಾನು ಬೇರೆಲ್ಲೂ ಕಾಣೆ.

ಅವರ ಉಪಕಾರಗಳಲ್ಲಿ ಹೆಚ್ಚಿನವು ಹೀಗೆ ಸದ್ದಿಲ್ಲದವು. ಒಡೆದ ಹಿಮ್ಮಡಿಗೆಂದು ಬಾಗಿಲ ಪಕ್ಕದ ಗೂಡಿನಲ್ಲಿ ಹರಳೆಣ್ಣೆಯ ಕುಡಿಕೆ ಸದಾ ಇರುತ್ತಿತ್ತು. ಯಾರು ತೆಗೆದರು, ಎಷ್ಟು ತೆಗೆದರು ಎಂದು ಅವರು ಒಂದು ದಿನವೂ ಕೇಳಲಿಲ್ಲ. ಹೊಂಬಾಳಮ್ಮನ ಮಗಳಿಗೆ ಹೆರಿಗೆ ನೋವು ಬಂದಾಗ, ಬತ್ತ ತರಲು ಹೊರಟಿದ್ದ ಗಾಡಿಯನ್ನು ತಿರುಗಿಸಿ, ತಮ್ಮ ಹಾಸಿಗೆಯನ್ನೇ ಅದರಲ್ಲಿ ಹಾಸಿ ಮಂಡ್ಯದ ಆಸ್ಪತ್ರೆಗೆ ಕಳಿಸಿದರು. ಮೊಲೆಯುಣ್ಣುವ ಮಕ್ಕಳಿದ್ದವರಿಗೆ ಕಣದ ಕೆಲಸ ತಪ್ಪಿಸಿ ನೆರಳಲ್ಲಿ ಕೇರುವ ಕೆಲಸ ಕೊಟ್ಟರು.

ಗಿರಣಿಯ ಅರ್ಧ ಪಾಲು ಅವರ ಮೈದುನ ಶ್ರೀ ಸಂಪತ್ ಕುಮಾರ ಅವರದಾಗಿತ್ತು. ಮಂಡ್ಯದಲ್ಲಿ ನೌಕರಿಯಲ್ಲಿದ್ದ ಅವರು ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಹೇಳದೆ ಕೇಳದೆ ಬಂದರು. ಇಂಜಿನ್ ನಿಂತಿದೆ, ಆಳುಗಳೆಲ್ಲ ಮಲಗಿದ್ದಾರೆ, ಅತ್ತಿಗೆ ಬರಲು ಹಿಡಿದು ಮೇಕೆ ಅಟ್ಟುತ್ತಿದ್ದಾರೆ!

"ಇದೇನು ಅತ್ತಿಗೆ, ಗಿರಣಿಯೋ ಛತ್ರವೋ?" ಎಂದು ಕಣದ ಆ ತುದಿಯಿಂದಲೇ ಕೂಗಿದರು.

"ಮೆಲ್ಲಗೆ ಮಾತಾಡು ಸಂಪತ್ತು, ಮಲಗಿದ್ದಾರೆ" ಎಂದರು ಪಂಕಜಮ್ಮನವರು.

ನಮಗೆ ಎಚ್ಚರವಾಗಿತ್ತು, ಆದರೆ ಏಳುವ ಧೈರ್ಯವಾಗಲಿಲ್ಲ. ಸಂಪತ್ ಕುಮಾರರು ದನಿ ತಗ್ಗಿಸಿಯೇ ಹೇಳಿದರು: "ಸೋಮನಹಳ್ಳಿಯಲ್ಲಿ ಹೊಸ ಗಿರಣಿ ಬಂದಿದೆ. ಅವರು ಇವತ್ತು ಹರಡಿದ್ದು ನಾಳೆ ಮಿಷನ್ನಿಗೆ ಹೋಗುತ್ತೆ, ನಮ್ಮದು ನಾಡಿದ್ದು. ಇಡೀ ಗಿರಣಿಯನ್ನು ಗುತ್ತಿಗೆಗೆ ಕೇಳಿದ್ದಾರೆ. ಈ ಸುಗ್ಗಿಯಲ್ಲಿ ಕೆಲಸ ಮುಂದೆ ಸಾಗದಿದ್ದರೆ ಕೊಟ್ಟುಬಿಡೋಣ. ನೀವು ಮಳವಳ್ಳಿಗೆ ಹೋಗಿ ಹಾಯಾಗಿರಿ."

ಗುತ್ತಿಗೆಗೆ ಹೋದರೆ ಪಂಕಜಮ್ಮನವರಿಗೆ ಗಿರಣಿಯಿಲ್ಲ, ನಮಗೆ ಪಂಕಜಮ್ಮನವರಿಲ್ಲ. ಅಷ್ಟು ನಮಗೆ ಅರ್ಥವಾಯಿತು. ಅದಾದ ವಾರದೊಳಗೇ ಮಳವಳ್ಳಿಯಲ್ಲಿದ್ದ ಅವರ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಪಂಕಜಮ್ಮನವರು ಹೊರಟರು, ಸಂಪತ್ ಕುಮಾರರು ರಜೆ ಹಾಕಿ ಗಿರಣಿಗೆ ಬಂದು ಕೂತರು. ಅಂದೇ ಮಧ್ಯಾಹ್ನದ ನಿದ್ದೆ ನಿಂತಿತು.

ಅವರು ಕೆಟ್ಟವರಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಬೈಯಲಿಲ್ಲ, ಕೂಲಿ ಹಿಡಿಯಲಿಲ್ಲ. ಬತ್ತ ಬೇಗ ಒಣಗಬೇಕು, ಅಷ್ಟೇ ಅವರ ಆಸೆ. ನಾವು ಪಾದಕ್ಕೆ ಗೋಣಿಯ ಚೂರು ಕಟ್ಟಿಕೊಂಡು ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಕೆದಕಿದೆವು. ಬತ್ತ ಬೇಗ ಒಣಗಿತು, ಬೇಗ ಮಿಷನ್ನಿಗೆ ಹೋಯಿತು. ಅವರ ಮುಖ ಅರಳಿತು. ಇತ್ತ ನಸುಕಿನಲ್ಲಿ ಸೋಮನಹಳ್ಳಿಯ ಗಿರಣಿಯ ಟ್ರ್ಯಾಕ್ಟರು ಊರ ಬಾಗಿಲಿಗೆ ಬಂದು ಹಾರನ್ನು ಹೊಡೆಯತೊಡಗಿತು. ಕಾಲು ಸುಡುವುದೇ ಆದರೆ ನಾಲ್ಕು ಕಾಸು ಹೆಚ್ಚು ಕೊಡುವ ಕಡೆ ಸುಡಲಿ ಎಂದು ಬೆಳ್ಳಮ್ಮ ಹತ್ತಿದಳು, ಅವಳ ಹಿಂದೆ ಇನ್ನೂ ಕೆಲವರು ಹತ್ತಿದರು.

ಮದ್ದೂರಿನ ಹೋಟೆಲುಗಳಿಗೆ ಊಟದ ಅಕ್ಕಿ ಒದಗಿಸುತ್ತಿದ್ದ ವ್ಯಾಪಾರಿ ಚಲುವನಾರಾಯಣ ಅವರು ಎಂದಿನಂತೆ ಬಂದು, ಮೂಟೆ ಬಿಚ್ಚಿಸಿ, ಅಂಗೈಯಲ್ಲಿ ಅಕ್ಕಿ ಹಿಡಿದು ಬಿಸಿಲಿಗೆ ಒಡ್ಡಿ ನೋಡಿದರು. "ಇದೇನ್ ಸ್ವಾಮಿ, ಬರೀ ನುಚ್ಚು? ಇದು ಅಮ್ಮಾವ್ರ ಅಕ್ಕಿ ಅಲ್ಲ" ಎಂದು ಮೂಟೆಯನ್ನು ಇದ್ದಲ್ಲೇ ಬಿಟ್ಟು ಹೊರಟುಹೋದರು.

ಸಂಪತ್ ಕುಮಾರರು ಕೆಂಪಸಿದ್ದಯ್ಯನ ಮೇಲೆ ಬಿದ್ದರು. "ಮಿಷನ್ನು ಏನು ಮಾಡಿದೆಯಪ್ಪ?"

"ನಾನೇನ್ ಮಾಡ್ಲಿ ಬುದ್ದಿ. ಬಿಚ್ಚಿ ನೋಡಿವ್ನಿ, ಸರ್ಯಾಗೈತೆ. ಅದೇ ಮಿಷನ್ನು, ಅದೇ ಬತ್ತ" ಎಂದ ಕೆಂಪಸಿದ್ದಯ್ಯ. ಅವನಿಗೂ ಕಾರಣ ತಿಳಿಯದು, ನಮಗೂ ತಿಳಿಯದು. ಗಿರಣಿಗೆ ಯಾರದೋ ಕಣ್ಣು ಬಿದ್ದಿದೆ ಎಂದು ಹೊಂಬಾಳಮ್ಮ ಬಾಗಿಲಿಗೆ ಬೂದುಗುಂಬಳ ಕಟ್ಟಿಸಿದಳು. ನುಚ್ಚು ಕಡಿಮೆಯಾಗಲಿಲ್ಲ.

ಪಂಕಜಮ್ಮನವರು ಮಳವಳ್ಳಿಯಿಂದ ಹಿಂತಿರುಗಿದಾಗ ಕಣದಲ್ಲಿ ಅರ್ಧ ಜನ ಇರಲಿಲ್ಲ. ನಮ್ಮ ಕಾಲು ನೋಡಿದರು. ಬರಲು ಎತ್ತಿಕೊಂಡು, "ಗುಡ್ಡೆ ಮಾಡಿ" ಎಂದರು. ಅಂದಿನಿಂದ ಮತ್ತೆ ಹಾಗೆಯೇ ಒಣಗಿಸಿದೆವು. ಆ ಬತ್ತ ಮಿಷನ್ನಿಗೆ ಹೋದ ದಿನ ಕೆಂಪಸಿದ್ದಯ್ಯ ಬೊಗಸೆಯಲ್ಲಿ ಅಕ್ಕಿ ಹಿಡಿದು ಓಡಿಬಂದ. ಕಾಳಿಗೆ ಕಾಳು ಇಡಿಯಾಗಿತ್ತು. ಸಂಪತ್ ಕುಮಾರರು ಕಣಕ್ಕೆ ಹೋಗಿ ಗೋಣಿ ಸರಿಸಿ, ಗುಡ್ಡೆಯೊಳಗೆ ಮೊಣಕೈವರೆಗೂ ಕೈಯಿಟ್ಟು ಬಹಳ ಹೊತ್ತು ಕೂತಿದ್ದರು.

ಅವರೇ ಆಮೇಲೆ ಮಂಡ್ಯದ ಬಳಿಯ ಬೇಸಾಯ ಸಂಶೋಧನೆಯ ವಿ.ಸಿ. ಫಾರಂಗೆ ಹೋಗಿ ತಿಳಿದವರನ್ನು ಕೇಳಿಕೊಂಡು ಬಂದರು. ಹಸಿ ಬತ್ತವನ್ನು ಉರಿಬಿಸಿಲಲ್ಲಿ ಬಿಡುವಿಲ್ಲದೆ ಒಣಗಿಸಿದರೆ ಕಾಳಿನ ಹೊರಗೆ ಒಣಗಿ ಒಳಗೆ ಹಸಿಯುಳಿದು ಬಿರುಕು ಬಿಡುತ್ತದೆ, ಮಿಷನ್ನಿನಲ್ಲಿ ಮುರಿಯುತ್ತದೆ. ನಡುವೆ ಗುಡ್ಡೆ ಮಾಡಿ ಹೊದಿಸಿದರೆ ಒಳಗಿನ ತೇವ ಸಮನಾಗಿ ಕಾಳು ಗಟ್ಟಿಯಾಗುತ್ತದೆ ಎಂದರಂತೆ. "ಇದೆಲ್ಲ ನಿಮಗೆ ಮೊದಲೇ ಗೊತ್ತಿತ್ತೆ ಅತ್ತಿಗೆ?" ಎಂದು ನಮ್ಮೆದುರೇ ಕೇಳಿದರು.

"ನನಗೆ ಬತ್ತದ ವಿಷಯ ಏನು ಗೊತ್ತು? ಕಾಲು ಸುಡುತ್ತೆ ಅನ್ನೋದು ಗೊತ್ತಿತ್ತು, ಅಷ್ಟೆ" ಎಂದರು ಪಂಕಜಮ್ಮನವರು.

ಗುತ್ತಿಗೆಯ ಮಾತು ಅಲ್ಲಿಗೇ ನಿಂತಿತು. ಚಲುವನಾರಾಯಣ ಅವರು ಮತ್ತೆ ಬಂದರು, ಮಳವಳ್ಳಿಯ ಅಂಗಡಿಯವರನ್ನೂ ಕರೆತಂದರು. ಟ್ರ್ಯಾಕ್ಟರು ಹತ್ತಿ ಹೋದವರು ಒಬ್ಬೊಬ್ಬರಾಗಿ ತಲೆತಗ್ಗಿಸಿಕೊಂಡು ಹಿಂತಿರುಗಿದಾಗ ಪಂಕಜಮ್ಮನವರು ಕೇಳಿದ್ದು ಒಂದೇ: "ಊಟ ಆಯ್ತಾ?" ಮುಂದಿನ ಸುಗ್ಗಿಯಲ್ಲಿ ಸೀಮೆಗೆಲ್ಲ ಆಳಿನ ಅಭಾವವಾದಾಗ ಅದೇ ಟ್ರ್ಯಾಕ್ಟರು ಬಂದು ನಸುಕಿನಲ್ಲಿ ಹಾರನ್ನು ಹೊಡೆಯಿತು. ಬೆಳ್ಳಮ್ಮ ಅದರ ಡ್ರೈವರನ್ನು ನಿಲ್ಲಿಸಿ, "ನಿಮ್ ಗಿರಣೀಲಿ ಒಂಗೆ ಮರ ಐತೇನ್ಲಾ?" ಎಂದಳು.

"ಮರ ಯಾತಕ್ಕಮ್ಮ? ಕೂಲಿ ಜಾಸ್ತಿ ಕೊಡ್ತೀವಿ ಬತ್ತೀಯಾ?"

"ಓಗ್ಲಾ, ಓಗು. ಮೊದ್ಲು ಮರ ನೆಡು, ಅದು ದೊಡ್ಡದಾದ್ ಮ್ಯಾಲೆ ಬತ್ತೀನಿ" ಎಂದು ಕಳಿಸಿದಳು. ಗಾಡಿ ಖಾಲಿಯೇ ಹೋಯಿತು. ಸುತ್ತಲಿನ ಗಿರಣಿಗಳು ಆಳಿಲ್ಲದೆ ಬಾಗಿಲು ಮುಚ್ಚಿದ ದಿನಗಳಲ್ಲೂ ನಮ್ಮದು ನಡೆಯಿತು.

ಎಪ್ಪತ್ತೊಂಬತ್ತರಲ್ಲಿ ಮಂಡಿ ನೋವು ಹೆಚ್ಚಾಗಿ ಪಂಕಜಮ್ಮನವರು ವಿಶ್ರಾಂತಿ ಪಡೆಯಲು ನಿಶ್ಚಯಿಸಿದರು. ಗಿರಣಿಯನ್ನು ಸಂಪತ್ ಕುಮಾರರೇ ವಹಿಸಿಕೊಂಡರು; ಇಂದು ಆ ಹೊಂಗೆಯಡಿ ಎಲ್ಲರಿಗಿಂತ ಜೋರಾಗಿ ಗೊರಕೆ ಹೊಡೆಯುವವರು ಅವರೇ ಎಂದು ಬರೆದರೆ ಅವರು ಸಿಟ್ಟಾಗಲಾರರು. ಅಮ್ಮನವರು ಮಳವಳ್ಳಿಯ ತಂಗಿ ಗೋದಮ್ಮನವರ ಮನೆ ಸೇರಿದರೂ ಸುಮ್ಮನೆ ಕೂತಿಲ್ಲ. ಆ ಕೇರಿಯ ಹೆಂಗಸರನ್ನು ಕೂಡಿಸಿಕೊಂಡು ಹಪ್ಪಳದ ಕೆಲಸ ಹೂಡಿದ್ದಾರೆಂದು ಕೇಳಿ ಸಂತೋಷಪಟ್ಟಿದ್ದೇನೆ. ಮೇಲುಕೋಟೆಯ ಸ್ವಾಮಿ ಅವರ ಮಂಡಿಗೆ ಬಲವನ್ನೂ ಕಣ್ಣಿಗೆ ಬೆಳಕನ್ನೂ ಕೊಡಲಿ, ಅವರ ನೆರಳಲ್ಲಿ ಇನ್ನೂ ಹಲವು ಮನೆಗಳ ಒಲೆ ಹೊತ್ತಲಿ, ಅವರ ನೂರನೆಯ ವರ್ಷಕ್ಕೆ ಬರೆಯಲು ನನಗೂ ಆಯಸ್ಸಿರಲಿ.

ಅವರು ಹೊರಟದ್ದು ಯುಗಾದಿಯ ಮೇಲೆ. ಶುಕ್ರವಾರವಾಗಿದ್ದರೆ, ಮನೆಯ ಲಕ್ಷ್ಮಿಯನ್ನು ಇಂದು ಕಳಿಸಬಾರದು ಎಂದು ನಾವು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದೆವು; ಅದು ಅವರಿಗೆ ಗೊತ್ತಿತ್ತು. ಅಳುವುದು ಕರೆಯುವುದು ಬೇಡವೆಂದು ಮಧ್ಯಾಹ್ನದ ಹೊತ್ತನ್ನೇ ಆರಿಸಿಕೊಂಡರು. ಅದು ನಮಗೆ ಗೊತ್ತಿತ್ತು. ಅಂದು ಹೊಂಗೆಯಡಿ ಯಾರಿಗೂ ನಿದ್ದೆ ಬಂದಿರಲಿಲ್ಲ, ಆದರೂ ಯಾರೂ ಕಣ್ಣು ಬಿಡಲಿಲ್ಲ. ಕಣದ ಅಂಚಿನಲ್ಲಿ ಅವರ ಹೆಜ್ಜೆ ನಮ್ಮ ತನಕ ಬಂದು, ಸ್ವಲ್ಪ ಹೊತ್ತು ನಿಂತು, ಮೆಲ್ಲಗೆ ಗೇಟಿನ ಕಡೆ ಹೋಯಿತು. ಪಂಕಜಮ್ಮನವರು ಹೊರಟರು. ಅಂದು ಗುರುವಾರ.